ಆಡು ಕೊಳ್ಳುವ ಮೊದಲು ಕಾಗದದ ಮೇಲೆ ಸಾಕಿ ನೋಡಿರಿ



ರವಿವಾರ ಸಾಯಂಕಾಲ ನಮ್ಮ ವಾಚನಾಲಯಕ್ಕೆ ಪತ್ರಿಕೆ ಓದಲು ಬರುವವರಲ್ಲಿ ಈಚೆಗೆ ಒಂದು ಪ್ರಶ್ನೆ ಮೇಲಿಂದ ಮೇಲೆ ಕೇಳಿಬರುತ್ತಿದೆ. “ಊರಿಗೆ ಹೋಗಿ ಆಡು ಸಾಕಬೇಕೆಂದಿದ್ದೇನೆ, ನೀವೇನೆನ್ನುತ್ತೀರಿ?” ಹೀಗೆ ಕೇಳುವವರಲ್ಲಿ ಒಬ್ಬರು ಕ್ಯಾಂಟೀನಿನವರು, ಒಬ್ಬರು ಗೋದಾಮಿನ ಕಾವಲುಗಾರರು, ಮತ್ತೊಬ್ಬರು ನನ್ನಂತೆಯೇ ಗುಮಾಸ್ತರು. ಹದಿನೈದು ಇಪ್ಪತ್ತು ವರ್ಷ ಈ ಪಟ್ಟಣದಲ್ಲಿ ದುಡಿದು ಕೂಡಿಟ್ಟ ಪ್ರಾವಿಡೆಂಟ್ ಫಂಡಿನ ಹಣವೇ ಅವರ ಬಂಡವಾಳ. ಅದು ಎರಡನೆಯ ಸಲ ಕೂಡುವ ಹಣವಲ್ಲ. ಆದುದರಿಂದ ಇದಕ್ಕೆ ಬಾಯಿಮಾತಿನ ಉತ್ತರ ಕೊಡುವ ಬದಲು ಈ ಪಾಠವನ್ನು ಬರೆದಿದ್ದೇನೆ.

ನಾನು ಪಶುವೈದ್ಯನಲ್ಲ, ಮೆಟ್ರಿಕ್ ಪಾಸಾಗಿ ಗಿರಣಿಯ ಲೆಕ್ಕದ ಖಾತೆಯಲ್ಲಿ ಕುಳಿತವನು. ಜಮಾ ಖರ್ಚು ಬರೆದು ಶಿಲ್ಕು ತೆಗೆಯುವುದೇ ನನ್ನ ಕೆಲಸ. ಅದೇ ಕಣ್ಣಿನಿಂದ ಆಡಿನ ಸಾಕಣೆಯನ್ನು ನೋಡುವುದು ಹೇಗೆಂಬುದಷ್ಟೇ ಇಲ್ಲಿನ ವಿಷಯ. ಬಯಲುಸೀಮೆಯ ದಕ್ಷಿಣ ಭಾಗದವರು ಮೇಕೆ ಎನ್ನುವುದನ್ನೇ ನಾವು ಉತ್ತರದವರು ಆಡು ಎನ್ನುತ್ತೇವೆ, ಎರಡೂ ಒಂದೇ.

ನಾನು ಟಿಕ್ಕು ಹಾಕಿದ ಲೆಕ್ಕ

ನನ್ನ ಸ್ವಂತ ಅಣ್ಣ ಈ ಪಟ್ಟಣದ ಗೋದಾಮೊಂದರಲ್ಲಿ ಹದಿನೆಂಟು ವರ್ಷ ದುಡಿದು, ೨೦೧೯ರಲ್ಲಿ ಕೆಲಸ ಬಿಟ್ಟು ವಿಜಯಪುರ ಜಿಲ್ಲೆಯ ನಮ್ಮ ಊರಿಗೆ ಹೋದನು. ಹೋಗುವ ಮುಂಚೆ ಒಂದು ಕಾಗದ ತಂದು, “ನೀನು ಲೆಕ್ಕದವನು, ಒಮ್ಮೆ ನೋಡಿಬಿಡಪ್ಪಾ” ಎಂದನು. ಮೂವತ್ತು ಆಡು, ವರ್ಷಕ್ಕೆ ಎರಡು ಸಲ ಈಯುವುದು, ಸಲಕ್ಕೆ ಎರಡು ಮರಿ, ಒಟ್ಟು ೧೨೦ ಮರಿ. ಮರಿಗೆ ಐದು ಸಾವಿರದಂತೆ ಆರು ಲಕ್ಷ ರೂಪಾಯಿ. ಖರ್ಚಿನ ಕಡೆ “ಮೇವು: ಹೊಲದ್ದು” ಎಂದು ಬರೆದಿತ್ತು. ನಾನು ಗುಣಿಸಿ ನೋಡಿದೆ, ತಪ್ಪಿರಲಿಲ್ಲ. ಟಿಕ್ಕು ಹಾಕಿ ಕೊಟ್ಟೆ. ಆ ವರ್ಷದ ನನ್ನ ಬೋನಸ್ಸನ್ನೂ ಅವನ ಕೈಗೆ ಹಾಕಿದೆ.

ಅಣ್ಣ ಮೊದಲು ಒಂದೂವರೆ ಲಕ್ಷ ಹಾಕಿ ತಗಡಿನ ಶೆಡ್ಡು ಕಟ್ಟಿಸಿದನು. ಜೂನ್ ತಿಂಗಳಲ್ಲಿ ಮೂರು ಸಂತೆ ತಿರುಗಿ ಮೂವತ್ತು ಆಡು ತಂದು ಒಂದೇ ದೊಡ್ಡಿಯಲ್ಲಿ ಕೂಡಿದನು. ಮಳೆ ಹಿಡಿಯಿತು. ಎರಡನೆಯ ವಾರಕ್ಕೆ ಕೆಲವಕ್ಕೆ ಜ್ವರ ಬಂದು, ಮೂಗು ಸುರಿಯಿತು. ಬಾಯಲ್ಲಿ ಹುಣ್ಣಾದವು, ಭೇದಿ ಹಿಡಿಯಿತು. ಡಾಕ್ಟರರು ಬಂದು ನೋಡಿ, “ಲಸಿಕೆ ಹಾಕಿಸಿದ್ದಿರೇನು?” ಎಂದರು. ಹಾಕಿಸಿರಲಿಲ್ಲ. ತಿಂಗಳೊಳಗೆ ಹದಿಮೂರು ಆಡು ಸತ್ತವು. ವಿಮೆ ಇರಲಿಲ್ಲ. ಉಳಿದವನ್ನು ಮೇವಿಲ್ಲದೆ ಮಾರ್ಚಿಯಲ್ಲಿ ಸಿಕ್ಕ ಬೆಲೆಗೆ ಮಾರಿದನು.

ಅಣ್ಣ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಆ ಟಿಕ್ಕು ನನಗೆ ಇಂದಿಗೂ ಚುಚ್ಚುತ್ತದೆ. ಗುಣಾಕಾರ ಸರಿಯಿತ್ತು, ಬರೆಯಬೇಕಾದ ಬಾಬುಗಳೇ ಆ ಕಾಗದದಲ್ಲಿರಲಿಲ್ಲ. ಸತ್ತ ಮರಿ ಇರಲಿಲ್ಲ, ಗೊಡ್ಡು ಬಿದ್ದ ಆಡು ಇರಲಿಲ್ಲ, ಬೇಸಿಗೆ ಇರಲಿಲ್ಲ, ಅತ್ತಿಗೆಯ ದುಡಿಮೆ ಇರಲಿಲ್ಲ, ಮೊದಲ ರೂಪಾಯಿ ಬರುವತನಕ ಕಾಯುವ ತಿಂಗಳುಗಳೂ ಇರಲಿಲ್ಲ. ಈ ಬಿಟ್ಟುಹೋದ ಬಾಬುಗಳನ್ನು ಒಂದೊಂದಾಗಿ ಬರೆದುಕೊಳ್ಳುವುದೇ ಇಂದಿನ ಪಾಠ.

ಮೊದಲನೆಯ ಪ್ರಶ್ನೆ: ಯಾರಿಗೆ ಮಾರುವಿರಿ?

ಹೆಚ್ಚಿನವರು ಶೆಡ್ಡಿನಿಂದ ಆರಂಭಿಸುತ್ತಾರೆ. ಮಾರಾಟದಿಂದ ಆರಂಭಿಸತಕ್ಕದ್ದು. ನಿಮ್ಮ ಊರಿನ ಸುತ್ತಲಿನ ಎರಡು ಮೂರು ಸಂತೆಗಳಿಗೆ, ಕೊಳ್ಳುವುದಕ್ಕಲ್ಲದೆ ಬರಿಯ ನೋಡುವುದಕ್ಕೆಂದು, ಬೇರೆ ಬೇರೆ ತಿಂಗಳಲ್ಲಿ ಹೋಗಿ ಬನ್ನಿರಿ. ಬಾಗಲಕೋಟೆ ಜಿಲ್ಲೆಯ ಅಮೀನಗಡದಂಥ ದೊಡ್ಡ ಸಂತೆಯಲ್ಲಿ ಒಂದು ಬೆಳಗು ನಿಂತರೆ ಪುಸ್ತಕದಲ್ಲಿ ಸಿಕ್ಕದ ವಿದ್ಯೆ ಸಿಕ್ಕುತ್ತದೆ. ಅಲ್ಲಿ ವ್ಯಾಪಾರ ಬಹುಮಟ್ಟಿಗೆ ಕಣ್ಣಂದಾಜಿನದು. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವ ಪದ್ಧತಿ ಇನ್ನೂ ಕೆಲವು ಕಡೆ ಇದೆ. ದಿನವೂ ನೂರು ಆಡು ಮುಟ್ಟುವ ದಲಾಲನ ಕಣ್ಣಿಗೂ ಹೊಸಬನ ಕಣ್ಣಿಗೂ ನಾಲ್ಕೈದು ಕಿಲೋ ಅಂತರ ಬಿದ್ದರೆ ಆಶ್ಚರ್ಯವಿಲ್ಲ. ಆ ಅಂತರವೇ ನಿಮ್ಮ ಲಾಭವಾಗಿರುತ್ತದೆ. ಆದುದರಿಂದ ಒಂದು ತೂಗುತಕ್ಕಡಿ ಇಟ್ಟುಕೊಂಡು, ಮನೆಯಲ್ಲಿಯೇ ತೂಕ ಮಾಡಿ ಹೊರಡುವ ರೂಢಿ ಹಾಕಿಕೊಳ್ಳಬೇಕು.

ಬಕ್ರೀದಿಗೆ ಒಳ್ಳೆಯ ಬೆಲೆ ಬರುತ್ತದೆಂಬುದು ನಿಜ. ಮುಂಬಯಿಯ ದೇವನಾರಕ್ಕೆ ಆ ಕಾಲದಲ್ಲಿ ದೂರದೂರದ ರಾಜ್ಯಗಳಿಂದ ಹೋತಗಳು ಬರುವುದನ್ನು ನಮ್ಮವರು ಅನೇಕರು ಕಣ್ಣಾರೆ ಕಂಡಿದ್ದಾರೆ. ಆದರೆ ಎರಡು ಸಂಗತಿ ತಿಳಿದಿರಬೇಕು. ಒಂದು, ಕುರ್ಬಾನಿಗೆ ಬರುವ ಹೋತಕ್ಕೆ ಒಂದು ವರ್ಷ ತುಂಬಿರಬೇಕು. ಆಡಿನ ಗಬ್ಬದ ಕಾಲ ಸುಮಾರು ೧೫೦ ದಿವಸ, ಅಂದರೆ ಐದು ತಿಂಗಳು. ಐದಕ್ಕೆ ಹನ್ನೆರಡು ಕೂಡಿಸಿರಿ. ಹಬ್ಬಕ್ಕೆ ಕಡಿಮೆಯೆಂದರೆ ಹದಿನೇಳು ತಿಂಗಳು ಮುಂಚೆ ಆಡು ಗಬ್ಬವಾಗಿರಬೇಕಾಯಿತು. ಎರಡು, ಹಬ್ಬವು ಚಾಂದ್ರಮಾನದ್ದಾದುದರಿಂದ ಪ್ರತಿ ವರ್ಷ ಹತ್ತು ಹನ್ನೊಂದು ದಿವಸ ಬೇಗ ಬರುತ್ತದೆ. ನಮ್ಮ ದೇಶದಲ್ಲಿ ೨೦೨೪ರಲ್ಲಿ ಜೂನ್ ೧೭ಕ್ಕೆ ಬಂತು, ೨೦೨೫ರಲ್ಲಿ ಜೂನ್ ೭ಕ್ಕೆ ಬಂತು. ಪಂಚಾಂಗ ನೋಡದೆ “ಬಕ್ರೀದಿಗೆ ಮಾರುತ್ತೇನೆ” ಎನ್ನುವವನು ಹಬ್ಬಕ್ಕೆ ಎಂಟು ತಿಂಗಳಿನ ಮರಿ ಹಿಡಿದು ನಿಲ್ಲುತ್ತಾನೆ.

ಎರಡನೆಯ ಪ್ರಶ್ನೆ: ಏಪ್ರಿಲ್ ತಿಂಗಳಲ್ಲಿ ಏನು ತಿನ್ನಿಸುವಿರಿ?

“ಆಡು ಮುಟ್ಟದ ಸೊಪ್ಪಿಲ್ಲ” ಎಂಬ ಗಾದೆಯನ್ನು ನಂಬಿ ಕೆಟ್ಟವರುಂಟು. ಮುಟ್ಟುವುದು ಬೇರೆ, ಹೊಟ್ಟೆ ತುಂಬುವುದು ಬೇರೆ. ೩೦ ಕಿಲೋ ತೂಗುವ ಆಡಿಗೆ ನೀರಿನ ಅಂಶ ಕಳೆದು ದಿನಕ್ಕೆ ಒಂದು ಕಿಲೋಕ್ಕಿಂತ ಸ್ವಲ್ಪ ಹೆಚ್ಚು ಮೇವು ಬೇಕು. ಅದನ್ನು ನಮ್ಮ ರೀತಿಯಲ್ಲಿ ಹೇಳುವುದಾದರೆ, ಹಸಿ ಸೊಪ್ಪು ೩ ಕಿಲೋ, ತೊಗರಿ ಅಥವಾ ಶೇಂಗಾ ಹೊಟ್ಟು ಅರ್ಧ ಕಿಲೋ, ಕಾಳು-ಹಿಂಡಿ ೨೦೦ ಗ್ರಾಮು. ಇಪ್ಪತ್ತು ಆಡು, ಒಂದು ಹೋತ, ಮೂವತ್ತು ಮರಿಗಳ ಹಿಂಡಿಗೆ ದಿನಕ್ಕೆ ಸುಮಾರು ೯೦ ಕಿಲೋ ಹಸಿ ಮೇವಾಯಿತು. ನೀರಿರುವ ಅರ್ಧ ಎಕರೆಯನ್ನಾದರೂ ಇದಕ್ಕೆಂದೇ ಬಿಡಬೇಕು. ಒಂದೇ ಬಗೆಯ ಹುಲ್ಲಿಗಿಂತ ಸುಬಾಬುಲ್, ನುಗ್ಗೆ, ಕುದುರೆಮಸಾಲೆ, ನೇಪಿಯರ್ ಹುಲ್ಲು ಹೀಗೆ ಕಲಸಿ ಬೆಳೆದರೆ ಆಡಿಗೂ ಹಿತ, ಕೈಗೂ ಹಿತ.

ಮೇವು ಬೆಳೆಯುವುದಕ್ಕೆ ಮೂರು ನಾಲ್ಕು ತಿಂಗಳು ಬೇಕಷ್ಟೆ? ಹಾಗಾದರೆ ಆಡು ಬರುವ ಮೊದಲೇ ಮೇವು ನಿಂತಿರಬೇಕು. ಬಾವಿಯನ್ನು ಶ್ರಾವಣದಲ್ಲಿ ನೋಡಿ ತೀರ್ಮಾನಿಸಬಾರದು. ಏಪ್ರಿಲ್-ಮೇ ತಿಂಗಳಲ್ಲಿ ರಜೆ ಹಾಕಿ ಹೋಗಿ, ಎಷ್ಟು ತಾಸು ನೀರು ಬರುತ್ತದೆಂದು ಗಡಿಯಾರ ಹಿಡಿದು ನೋಡಿರಿ. ಬೇಸಿಗೆಯಲ್ಲಿ ದೊಡ್ಡ ಆಡಿಗೆ ಕುಡಿಯುವುದಕ್ಕೇ ದಿನಕ್ಕೆ ಐದು ಲೀಟರಿನಷ್ಟು ನೀರು ಬೇಕಾಗುತ್ತದೆ.

ಮೂರನೆಯ ಪ್ರಶ್ನೆ: ದುಡಿಯುವ ಕೈ ಯಾರದು?

ಇದು ಎಲ್ಲಕ್ಕಿಂತ ಹೆಚ್ಚಾಗಿ ಮುಚ್ಚಿಹೋಗುವ ಪ್ರಶ್ನೆ. ಹಣ ಮುಂಬಯಿಯಿಂದ, ಹೊಲ ತಂದೆಯದು, ಕೆಲಸ ಮಾತ್ರ ಊರಿನಲ್ಲಿರುವ ತಮ್ಮನ ಹೆಂಡತಿಯದು ಅಥವಾ ವಯಸ್ಸಾದ ತಾಯಿಯದು. ಸೊಪ್ಪು ಕೊಯ್ಯುವುದು, ಹಿಕ್ಕೆ ಗುಡಿಸುವುದು, ರಾತ್ರಿ ಈಯುವ ಆಡಿನ ಹತ್ತಿರ ಕೂಡುವುದು ಇವಕ್ಕೆ ಸಂಬಳವಿಲ್ಲವೆಂದು ಖರ್ಚಿನಲ್ಲಿ ಬರೆಯದೆ ಬಿಡುತ್ತೇವೆ. ಬರೆಯದೆ ಬಿಟ್ಟ ದುಡಿಮೆ ಒಂದು ದಿನ ಜಗಳವಾಗಿ ಜಮೆಯಾಗುತ್ತದೆ. ಮನೆಯವರೇ ದುಡಿದರೂ ಕೂಲಿಯನ್ನು ಕಾಗದದ ಮೇಲೆ ಹಿಡಿಯತಕ್ಕದ್ದು. ಮರಿ ಸತ್ತರೆ ನಷ್ಟ ಯಾರದು, ಹುಟ್ಟಿದ ಮರಿಯಲ್ಲಿ ಯಾರಿಗೆಷ್ಟು ಪಾಲು ಎಂಬುದನ್ನೂ ಅಣ್ಣತಮ್ಮಂದಿರು ಮೊದಲೇ ಬರೆದಿಟ್ಟುಕೊಳ್ಳುವುದು ಲೇಸು. ಅದರಿಂದ ಪ್ರೀತಿ ಕಡಿಮೆಯಾಗುವುದಿಲ್ಲ.

ನಾಲ್ಕನೆಯ ಪ್ರಶ್ನೆ: ಎಷ್ಟು ಸಾಯಬಹುದು?

ಸಾವನ್ನು ಬರೆಯುವುದು ಅಪಶಕುನವೆಂದು ಕೆಲವರು ತಿಳಿಯುತ್ತಾರೆ. ಗಿರಣಿಯಲ್ಲಿ ನೂಲು ಹರಿಯುತ್ತದೆ, ಹತ್ತಿ ಧೂಳಾಗಿ ಹೋಗುತ್ತದೆ. ಅದಕ್ಕೆ ನಷ್ಟದ ಬಾಬು ಎಂದು ಪ್ರತ್ಯೇಕ ಪುಟವೇ ಇರುತ್ತದೆ. ಆಡಿನ ಲೆಕ್ಕದಲ್ಲಿಯೂ ಆ ಪುಟ ಬೇಕು. ಚೆನ್ನಾಗಿ ನೋಡಿಕೊಂಡರೂ ನೂರು ಮರಿಯಲ್ಲಿ ಹತ್ತು ಹದಿನೈದು ಹೋಗುತ್ತವೆಂದು ಹಿಡಿಯಬೇಕು.

ನಮ್ಮ ಅಣ್ಣನ ಹಿಂಡನ್ನು ಕೆಡಿಸಿದ್ದು ಪಿ.ಪಿ.ಆರ್. ಎಂಬ ರೋಗ. ಈ ರೋಗವನ್ನು ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದು ೧೯೮೭ರಲ್ಲಿ, ತಮಿಳುನಾಡಿನಲ್ಲಿ. ಇದಕ್ಕೆ ಲಸಿಕೆ ಇದೆ. ಮರಿಗೆ ಮೂರು ನಾಲ್ಕು ತಿಂಗಳಾದ ಮೇಲೆ ಒಂದು ಸಲ ಹಾಕಿಸಿದರೆ ಸುಮಾರು ಮೂರು ವರ್ಷ ಕಾಪಾಡುತ್ತದೆ. ಕರುಳುಬೇನೆಗೆ ಪ್ರತಿ ವರ್ಷ ಮಳೆಗಾಲದ ಮುಂಚೆ ಬೇರೆ ಲಸಿಕೆ ಹಾಕಿಸಬೇಕು. ಕಾಲುಬಾಯಿ ಜ್ವರದ್ದೂ ಇದೆ. ಜಂತಿನ ಔಷಧವನ್ನು ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಕುಡಿಸಬೇಕು. ಸಂತೆಯಿಂದ ತಂದ ಆಡನ್ನು ಕಡಿಮೆಯೆಂದರೆ ಮೂರು ವಾರ, ಸಾಧ್ಯವಾದರೆ ಒಂದು ತಿಂಗಳು ಬೇರೆ ಕಡೆ ಕಟ್ಟಿ ನೋಡಿ ಆಮೇಲೆ ಹಿಂಡಿಗೆ ಸೇರಿಸಬೇಕು. ವಿಮೆ ಮಾಡಿಸಿದರೆ ಕಿವಿಯ ಓಲೆ ಬೀಳದಂತೆ ಜೋಪಾನ ಮಾಡಿರಿ. ಓಲೆಯಿಲ್ಲದೆ ಮತ್ತು ಡಾಕ್ಟರರ ಮರಣೋತ್ತರ ಪರೀಕ್ಷೆಯ ಕಾಗದವಿಲ್ಲದೆ ಹಣ ಬರುವುದು ಕಷ್ಟ. ಪಶು ಆಸ್ಪತ್ರೆ ನಿಮ್ಮ ಊರಿಗೆ ಎಷ್ಟು ಮೈಲಿ, ಅಲ್ಲಿ ಡಾಕ್ಟರರ ಹುದ್ದೆ ತುಂಬಿದೆಯೇ ಖಾಲಿಯಿದೆಯೇ, ಇದನ್ನೂ ಮೊದಲೇ ವಿಚಾರಿಸತಕ್ಕದ್ದು.

ತಳಿಯ ವಿಷಯದಲ್ಲಿ ಒಂದೇ ಮಾತು. ನಿಮ್ಮ ಸೀಮೆಯ ಬಿಸಿಲು ಮಳೆ ತಿಂದು ಬೆಳೆದ ತಳಿಯೇ ಹೊಸಬನಿಗೆ ಒಳ್ಳೆಯದು. ಧಾರಾಶಿವ (೨೦೨೩ರಲ್ಲಿ ಹೆಸರು ಬದಲಾಗುವ ತನಕ ಉಸ್ಮಾನಾಬಾದ), ಲಾತೂರ, ಸೊಲ್ಲಾಪುರದ ಕಡೆಯ ಕರಿಯ ಉಸ್ಮಾನಾಬಾದಿ ಆಡು ನಮ್ಮ ಕಲಬುರಗಿ, ವಿಜಯಪುರದ ಕಡೆಗೂ ಹೊಂದುತ್ತದೆ. ಅವಳಿ ಮರಿ ಹಾಕುವುದು ಅದರಲ್ಲಿ ಸಾಮಾನ್ಯ. ಬೀದರಿನ ಕಡೆ ಬೀದರಿ, ಕೋಲಾರ ಚಿಕ್ಕಬಳ್ಳಾಪುರದ ಕಡೆ ನಂದಿದುರ್ಗ ಇವೆ. ಉದ್ದ ಕಿವಿಯ ಜಮುನಾಪಾರಿ ನೋಡಲು ಚೆಂದ. ಆದರೆ ಅದು ಉತ್ತರ ಪ್ರದೇಶದ ಯಮುನೆ ಚಂಬಲ್ ಕೊರಕಲುಗಳ ಪ್ರಾಣಿ. ಫೋಟೋ ನೋಡಿ ದುಡ್ಡು ಕಳಿಸಬೇಡಿರಿ. ಕರಾವಳಿಯ ಬಂಧುಗಳು ಮಾತ್ರ ಮಳೆಯನ್ನು ನೆನೆದು, ನೆಲದಿಂದ ಎತ್ತರಿಸಿದ ಹಲಗೆಯ ಅಟ್ಟದ ಖರ್ಚನ್ನೂ ಹಿಡಿದುಕೊಳ್ಳಬೇಕು. ಒದ್ದೆ ನೆಲದಲ್ಲಿ ಆಡು ಬಾಳುವುದಿಲ್ಲ.

ಐದನೆಯ ಪ್ರಶ್ನೆ: ಎಷ್ಟು ತಿಂಗಳು ಕಾಯಬಲ್ಲಿರಿ?

ಆಡು ತಂದ ಮೊದಲ ತಿಂಗಳು ಅದು ಊರಿಗೆ ಹೊಂದಿಕೊಳ್ಳುವುದಕ್ಕೆ ಹೋಗುತ್ತದೆ. ಎರಡನೆಯ ತಿಂಗಳು ಹೋತಕ್ಕೆ ಬಿಟ್ಟರೆ ಏಳನೆಯ ತಿಂಗಳಿಗೆ ಮರಿ. ಮರಿ ೨೦ ಕಿಲೋ ತೂಗಬೇಕಾದರೆ ಇನ್ನೂ ಒಂಬತ್ತು ತಿಂಗಳು. ಅಂದರೆ ಹದಿನಾರನೆಯ ತಿಂಗಳಿಗೆ ಮೊದಲ ಮಾರಾಟ. ನಾವು ಸಂಬಳದವರು, ತಿಂಗಳ ಕೊನೆಗೆ ಹಣ ಬರುವುದು ನಮಗೆ ಸೂರ್ಯೋದಯದಷ್ಟೇ ಸಹಜವಾಗಿಬಿಟ್ಟಿದೆ. ಹದಿನಾರು ತಿಂಗಳು ಸಂಬಳವಿಲ್ಲದ ಮನೆ ಹೇಗಿರುತ್ತದೆಂಬುದನ್ನು ಮನೆಯಾಕೆಯೊಡನೆ ಕುಳಿತು ಮಾತಾಡಿರಿ.

ವರ್ಷಕ್ಕೆ ಎರಡು ಸಲ ಈಯುತ್ತದೆಂಬ ಮಾತನ್ನು ಬಿಟ್ಟುಬಿಡಿರಿ. ಗಬ್ಬ ಐದು ತಿಂಗಳು, ಮರಿಗೆ ಹಾಲು ಕೊಟ್ಟು ಮತ್ತೆ ಬೆದೆಗೆ ಬರಲು ಮೂರು ತಿಂಗಳು. ಹೀಗೆ ಎಂಟು ತಿಂಗಳಿಗೊಮ್ಮೆ, ಅಂದರೆ ಎರಡು ವರ್ಷಕ್ಕೆ ಮೂರು ಸಲ ಈದರೆ ಅದು ಬಹಳ ಉತ್ತಮ ಸಾಕಣೆ. ಹೊಸಬರು ಅದಕ್ಕಿಂತ ಕಡಿಮೆ ಹಿಡಿಯಬೇಕು.

ಒಂದು ಮಾದರಿ ಲೆಕ್ಕ

ಈಗ ಇಪ್ಪತ್ತು ಆಡು, ಒಂದು ಹೋತದ ಲೆಕ್ಕ ಬರೆಯೋಣ. ಇಲ್ಲಿಯ ದರಗಳು ಲೆಕ್ಕ ಕಲಿಯುವುದಕ್ಕೆಂದು ನಾನು ಹಿಡಿದವು. ನಿಮ್ಮ ಸಂತೆಯ ದರವನ್ನು ಪಕ್ಕದಲ್ಲಿ ಬರೆದುಕೊಂಡು ಮತ್ತೆ ಲೆಕ್ಕ ಮಾಡಿರಿ.

ಮೂಲ ಬಂಡವಾಳ:
ಆಡು ೨೦, ತಲಾ ರೂ. ೯,೦೦೦ರಂತೆ: ೧,೮೦,೦೦೦
ಹೋತ ೧: ೧೫,೦೦೦
ಶೆಡ್ಡು ೪೦೦ ಚದರ ಅಡಿ, ಅಡಿಗೆ ರೂ. ೨೦೦ರಂತೆ: ೮೦,೦೦೦
ಮೇವಿನ ಗೋದಲಿ, ನೀರಿನ ತೊಟ್ಟಿ, ಮೇವು ಕತ್ತರಿಸುವ ಯಂತ್ರ: ೨೫,೦೦೦
ಬೇಲಿ ಮತ್ತು ಮೇವಿನ ನಾಟಿ: ೨೦,೦೦೦
ಒಟ್ಟು: ರೂ. ೩,೨೦,೦೦೦

ಶೆಡ್ಡಿನ ಅಳತೆ ಹೀಗೆ ಬಂತು: ದೊಡ್ಡ ಆಡಿಗೆ ೧೦ ಚದರ ಅಡಿ, ಹೋತಕ್ಕೆ ೨೦, ಮರಿಗೆ ೫. ಇಪ್ಪತ್ತು ಆಡು, ಒಂದು ಹೋತ, ಮೂವತ್ತು ಮರಿಗೆ ೩೭೦ ಚದರ ಅಡಿ. ಸ್ವಲ್ಪ ಸಡಿಲಿಟ್ಟು ೪೦೦.

ಒಂದು ವರ್ಷದ ಖರ್ಚು:
ಕಾಳು-ಹಿಂಡಿ ೨,೧೧೦ ಕಿಲೋ, ರೂ. ೩೦ರಂತೆ: ೬೩,೩೦೦
ಒಣ ಹೊಟ್ಟು ೪,೫೦೦ ಕಿಲೋ, ರೂ. ೮ರಂತೆ: ೩೬,೦೦೦
ಲಸಿಕೆ, ಔಷಧ: ೮,೦೦೦
ವಿಮೆ: ೭,೮೦೦
ವಿದ್ಯುತ್ತು, ಉಪ್ಪಿನ ಗಡ್ಡೆ, ಸಂತೆಯ ಸಾಗಣೆ: ೧೨,೦೦೦
ಒಟ್ಟು: ರೂ. ೧,೨೭,೧೦೦ (ಇದರಲ್ಲಿ ಕೂಲಿ ಸೇರಿಲ್ಲ.)

ಒಂದು ವರ್ಷದ ಆದಾಯ, ಹಿಂಡು ನೆಲೆ ನಿಂತ ಮೇಲೆ:
ಇಪ್ಪತ್ತು ಆಡು ವರ್ಷಕ್ಕೆ ಸರಾಸರಿ ಒಂದೂಕಾಲು ಸಲ ಈದು, ಸಲಕ್ಕೆ ಒಂದೂವರೆ ಮರಿಯಂತೆ ೩೭ ಮರಿ. ನೂರಕ್ಕೆ ಹದಿನೈದರಂತೆ ಸತ್ತರೆ ಉಳಿದವು ೩೧. ವರ್ಷಕ್ಕೆ ಒಂದು ದೊಡ್ಡ ಆಡು ಸಾಯುತ್ತದೆ, ಮೂರನ್ನು ವಯಸ್ಸಾಯಿತೆಂದು ಮಾರುತ್ತೇವೆ ಎಂದು ಹಿಡಿದು, ಅವುಗಳ ಬದಲಿಗೆ ೪ ಹೆಣ್ಣು ಮರಿ ಇಟ್ಟುಕೊಳ್ಳಬೇಕು. ಮಾರಾಟಕ್ಕೆ ೨೭.
೨೭ ಮರಿ, ೨೦ ಕಿಲೋದಂತೆ, ಜೀವಂತ ತೂಕ ಕಿಲೋಕ್ಕೆ ರೂ. ೩೫೦: ೧,೮೯,೦೦೦
ವಯಸ್ಸಾದ ಆಡು ೩: ೧೫,೦೦೦
ಗೊಬ್ಬರ: ೧೫,೦೦೦
ಒಟ್ಟು: ರೂ. ೨,೧೯,೦೦೦

ಆದಾಯದಲ್ಲಿ ಖರ್ಚು ಕಳೆದರೆ ರೂ. ೯೧,೯೦೦ ಉಳಿಯಿತು. ಇಲ್ಲಿಗೆ ನಿಲ್ಲಿಸಿದರೆ ಮನಸ್ಸಿಗೆ ಸಂತೋಷ. ಆದರೆ ಶೆಡ್ಡು, ಸಾಮಾನು, ಬೇಲಿ ಸೇರಿ ೧,೨೫,೦೦೦ದ್ದು ಹತ್ತು ವರ್ಷಕ್ಕೆ ಸವೆಯುತ್ತದೆ. ವರ್ಷಕ್ಕೆ ೧೨,೫೦೦ ಕಳೆಯಿರಿ. ಹಾಕಿದ ೩,೨೦,೦೦೦ಕ್ಕೆ ನೂರಕ್ಕೆ ಒಂಬತ್ತರಂತೆ ಬಡ್ಡಿ ೨೮,೮೦೦. ಸಾಲವಾಗಿದ್ದರೆ ಕೊಡುವ ಬಡ್ಡಿ, ಸ್ವಂತ ಹಣವಾಗಿದ್ದರೆ ಬಿಟ್ಟುಕೊಟ್ಟ ಬಡ್ಡಿ, ಅದನ್ನೂ ಕಳೆಯಿರಿ. ಉಳಿದದ್ದು ರೂ. ೫೦,೬೦೦. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು ರೂ. ೪,೨೦೦.

ಬಂಧುಗಳೆ, ಇದು ಲಾಭವಲ್ಲ, ದುಡಿದವರ ಕೂಲಿ. ತಿಂಗಳಿಗೆ ಹತ್ತು ಸಾವಿರ ಕೊಟ್ಟು ಆಳು ಇಟ್ಟರೆ ವರ್ಷಕ್ಕೆ ೧,೨೦,೦೦೦ ಆಯಿತು, ೬೯,೪೦೦ ನಷ್ಟ. ಆದುದರಿಂದ ಇಪ್ಪತ್ತು ಆಡಿನ ಹಿಂಡು, ಇಲ್ಲಿ ಕುಳಿತು ಆಳಿನ ಕೈಲಿ ನಡೆಸುವ ಉದ್ಯೋಗವಲ್ಲ. ಮನೆಯಲ್ಲಿ ಹೇಗೂ ಇರುವ ಬೇಸಾಯದ ಜೊತೆಗೆ ಕೂಡಿದ ಉಪಕಸುಬು ಅದು. ಮೇಯಿಸುವ ಬೀಳು ಭೂಮಿ ಹತ್ತಿರವಿದ್ದು, ಕಾಳು ಮತ್ತು ಹೊಟ್ಟಿನ ಖರ್ಚು ಅರ್ಧಕ್ಕೆ ಇಳಿದರೆ ತಿಂಗಳಿಗೆ ಸುಮಾರು ರೂ. ೮,೩೦೦ ಆದೀತು. ಆದರೆ ಆಗ ಒಬ್ಬರು ದಿನವಿಡೀ ಹಿಂಡಿನ ಹಿಂದೆಯೇ ಇರಬೇಕು.

ಕೆಟ್ಟ ವರ್ಷದ ಲೆಕ್ಕ

ಒಳ್ಳೆಯ ವರ್ಷದ ಕೆಳಗೆ ಕೆಟ್ಟ ವರ್ಷವನ್ನೂ ಬರೆಯಬೇಕು. ಮರಿಗಳ ಸಾವು ನೂರಕ್ಕೆ ಹದಿನೈದರ ಬದಲು ಮೂವತ್ತಾದರೆ ಉಳಿಯುವುದು ೨೬, ಮಾರಾಟಕ್ಕೆ ೨೨. ಆದಾಯ ೩೫,೦೦೦ ಕಡಿಮೆಯಾಗಿ, ಕೈಗೆ ಉಳಿಯುವುದು ೧೫,೬೦೦. ಸಾವು ಹೆಚ್ಚಾಗದೆ ಬೆಲೆ ಮಾತ್ರ ಕಿಲೋಕ್ಕೆ ೩೫೦ರಿಂದ ೩೦೦ಕ್ಕೆ ಇಳಿದರೆ ಉಳಿಯುವುದು ೨೩,೬೦೦. ಎರಡೂ ಒಂದೇ ವರ್ಷ ಬಂದರೆ ವರ್ಷವೆಲ್ಲ ದುಡಿದೂ ೬,೪೦೦ ಕೈಬಿಡುತ್ತದೆ. ಬರಗಾಲದಲ್ಲಿ ಎರಡೂ ಒಟ್ಟಿಗೇ ಬರುತ್ತವೆ. ಮೇವಿಲ್ಲದೆ ಎಲ್ಲರೂ ಒಮ್ಮೆಲೇ ಸಂತೆಗೆ ಹೊಡೆದುಕೊಂಡು ಬರುವುದರಿಂದ ಬೆಲೆ ಬೀಳುತ್ತದೆ.

ಇನ್ನು ಕಾಯುವ ಹಣ. ವರ್ಷದ ಖರ್ಚು ೧,೨೭,೧೦೦ ಆದರೆ ತಿಂಗಳಿಗೆ ಸುಮಾರು ೧೦,೬೦೦. ಹದಿನಾರು ತಿಂಗಳಿಗೆ ಸುಮಾರು ೧,೭೦,೦೦೦. ಮರಿಗಳಿಲ್ಲದ ಮೊದಲ ತಿಂಗಳುಗಳಲ್ಲಿ ಸ್ವಲ್ಪ ಕಡಿಮೆಯಾದರೂ ಹಿಡಿಯುವುದು ಇಷ್ಟೇ. ಮೂಲ ಬಂಡವಾಳ ಸೇರಿ ೪,೯೦,೦೦೦. ಮನೆಯ ಖರ್ಚು ತಿಂಗಳಿಗೆ ಹದಿನೈದು ಸಾವಿರವೆಂದರೆ ಅದು ಬೇರೆ ೨,೪೦,೦೦೦. ಒಟ್ಟು ೭,೩೦,೦೦೦. “ಮೂರು ಲಕ್ಷ ಇದೆ, ಇಪ್ಪತ್ತು ಆಡು ತರುತ್ತೇನೆ” ಎಂದು ಹೊರಟವನ ಕೈ ಎಂಟನೆಯ ತಿಂಗಳಿಗೆ ಏಕೆ ಬರಿದಾಗುತ್ತದೆಂಬುದು ಈಗ ತಿಳಿಯಿತಷ್ಟೆ? ಆಗ ಅವನು ಮರಿಗಳನ್ನು ಹಾಲು ಬಿಡುವ ಮುಂಚೆಯೇ ಅಗ್ಗಕ್ಕೆ ಮಾರುತ್ತಾನೆ. ಆಡು ಸೋಲಿಸಿತೆನ್ನುತ್ತಾನೆ, ಸೋಲಿಸಿದ್ದು ಕಾಯುವ ಹಣದ ಕೊರತೆ.

ಸರಕಾರದ ಸಹಾಯಧನ

“ಅರ್ಧ ಹಣ ಸರಕಾರ ಕೊಡುತ್ತದಂತೆ” ಎಂದು ಅನೇಕರು ಕೇಳಿದ್ದಾರೆ. ರಾಷ್ಟ್ರೀಯ ಜಾನುವಾರು ಮಿಷನ್ ೨೦೧೪-೧೫ರಲ್ಲಿ ಆರಂಭವಾಗಿ ೨೦೨೧-೨೨ರಲ್ಲಿ ಪರಿಷ್ಕೃತವಾಯಿತು. ಆ ಪರಿಷ್ಕೃತ ಯೋಜನೆಯಲ್ಲಿ ಆಡು-ಕುರಿ ತಳಿ ಸಂವರ್ಧನೆಯ ಘಟಕಕ್ಕೆ ಬಂಡವಾಳದ ನೂರಕ್ಕೆ ಐವತ್ತರಷ್ಟು ಸಹಾಯಧನವಿಟ್ಟಿರುವುದು ನಿಜ. ಆದರೆ ಅದರ ಅತಿ ಚಿಕ್ಕ ಘಟಕವೇ ನೂರು ಹೆಣ್ಣು, ಐದು ಗಂಡಿನದು. ಅದಕ್ಕೆ ಹತ್ತು ಲಕ್ಷದ ಮಿತಿ. ಐನೂರು ಹೆಣ್ಣು, ಇಪ್ಪತ್ತೈದು ಗಂಡಿನದಕ್ಕೆ ಐವತ್ತು ಲಕ್ಷದ ಮಿತಿ. ಹಣ ಎರಡು ಕಂತಿನಲ್ಲಿ ಬರುತ್ತದೆ. ನೆಲ ಕೊಳ್ಳುವುದಕ್ಕೂ ದಿನದ ಖರ್ಚಿಗೂ ಅದು ಸಲ್ಲುವುದಿಲ್ಲ. ಇಪ್ಪತ್ತು ಆಡು ನೋಡಿಕೊಳ್ಳಲು ಬಾರದವನು ಸಹಾಯಧನದ ಆಸೆಗೆ ನೂರು ಆಡು ತಂದರೆ ನಷ್ಟ ಐದು ಪಟ್ಟಾಗುತ್ತದೆ. ಸಹಾಯಧನವಿಲ್ಲದೆಯೂ ನಿಲ್ಲುವ ಲೆಕ್ಕಕ್ಕೆ ಸಹಾಯಧನ ಊರುಗೋಲಾದೀತು. ನಿಲ್ಲದ ಲೆಕ್ಕವನ್ನು ಅದು ನಿಲ್ಲಿಸಲಾರದು. ನಿಯಮಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ಮುಂಚೆ ತಾಲೂಕಿನ ಪಶು ಆಸ್ಪತ್ರೆಯಲ್ಲಿಯೇ ವಿಚಾರಿಸಿರಿ.

ಕೆಲಸ ಬಿಡದೆ ಪರೀಕ್ಷೆ

ಹಾಗಾದರೆ ಬೇಡವೇ ಬೇಡವೆ? ಹಾಗೆ ಹೇಳುವವನಲ್ಲ ನಾನು. ೨೦೧೯ರ ಜಾನುವಾರು ಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು ೧೪ ಕೋಟಿ ೮೯ ಲಕ್ಷ ಆಡುಗಳಿವೆ. ಬಡವನ ಮನೆಯಲ್ಲಿ ಮದುವೆ, ಆಸ್ಪತ್ರೆ, ಶಾಲೆಯ ಫೀಜು ಎಂದಾಗ ಕೈ ಹಿಡಿಯುವ ಪ್ರಾಣಿ ಅದು. ಆದರೆ ಹೆಜ್ಜೆ ಹೀಗಿರಲಿ:

ಮೊದಲು, ಕೆಲಸ ಬಿಡಬೇಡಿರಿ. ರಜೆಯಲ್ಲಿ ಹೋಗಿ ಮೂರು ಸಂತೆ, ಬೇಸಿಗೆಯ ಬಾವಿ, ಪಶು ಆಸ್ಪತ್ರೆ ಇವನ್ನು ನೋಡಿ ಬರೆದುಕೊಳ್ಳಿರಿ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಆಡು ಸಾಕಣೆಯ ತರಬೇತಿ ಇದೆಯೇ ಎಂದು ಕೇಳಿರಿ. ಹತ್ತು ವರ್ಷದಿಂದ ಆಡು ಸಾಕುತ್ತಿರುವ ನಿಮ್ಮ ಊರಿನವರ ಬಳಿ ಒಂದು ದಿನ ಪೂರ್ತಿ ಇದ್ದು, “ಹೋದ ವರ್ಷ ಎಷ್ಟು ಮರಿ ಹುಟ್ಟಿದವು?” ಎಂದಷ್ಟೇ ಕೇಳದೆ, “ಎಷ್ಟು ಉಳಿದವು?” ಎಂದೂ ಕೇಳಿರಿ.

ಎರಡನೆಯದು, ನಾಲ್ಕೈದು ಆಡಿನಿಂದ ಮನೆಯವರು ಒಂದು ವರ್ಷ ಸಾಕಿ ನೋಡಲಿ. ಅಥವಾ ನಂಬಿಕೆಯ ಸಾಕಣೆದಾರರಿಗೆ ಪಾಲಿಗೆ ಬಿಡಿರಿ: ಆಡು ನಿಮ್ಮದು, ದುಡಿಮೆ ಅವರದು, ಮರಿಗಳಲ್ಲಿ ಅರ್ಧ ಅರ್ಧ. ಇದು ನಮ್ಮ ಹಳ್ಳಿಗಳ ಹಳೆಯ ಪದ್ಧತಿ.

ಮೂರನೆಯದು, ಒಂದು ವಹಿ ಇರಲಿ. ಹುಟ್ಟಿದ ದಿವಸ, ತೂಕ, ಲಸಿಕೆ, ಸಾವು, ಮಾರಿದ ಬೆಲೆ ಎಲ್ಲ ಅದರಲ್ಲಿ ಬರಲಿ. ವರ್ಷದ ಕೊನೆಗೆ ವಹಿ ಹೇಳಿದಂತೆ ಮುಂದಿನ ಹೆಜ್ಜೆ. ಬೇಡವೆಂದು ವಹಿ ಹೇಳಿದರೆ ಅದೂ ಒಂದು ಲಾಭವೇ. ನಿಮ್ಮ ಪ್ರಾವಿಡೆಂಟ್ ಫಂಡು ಉಳಿಯಿತು.

ನಮ್ಮ ಅಣ್ಣ ೨೦೨೨ರಲ್ಲಿ ಐದು ಆಡಿನಿಂದ ಮತ್ತೆ ಆರಂಭಿಸಿದನು. ಈ ಸಲ ಶೆಡ್ಡು ಕಟ್ಟಿಸಲಿಲ್ಲ. ಹಳೆಯದು ಇತ್ತಲ್ಲ, ಅದರ ಒಂದು ಮೂಲೆ ಸಾಕಾಯಿತು. ಮೊದಲು ಸುಬಾಬುಲ್ ನೆಟ್ಟನು, ಲಸಿಕೆ ಹಾಕಿಸಿದನು, ವಹಿ ಇಟ್ಟನು. ವಹಿ ಬರೆಯುವವರು ಅತ್ತಿಗೆ. ಈಗ ಹನ್ನೊಂದು ಆಡು ಇವೆ. ಇದರ ಮೇಲೆ ಮನೆ ನಡೆಯುವುದಿಲ್ಲ. ಹೊಲ ಮತ್ತು ಆಡು ಕೂಡಿ ನಡೆಯುತ್ತದೆ. ಪ್ರತಿ ದೀಪಾವಳಿಗೆ ನಾನು ಹೋದಾಗ ಅತ್ತಿಗೆ ಆ ವಹಿಯನ್ನು ನನ್ನ ಮುಂದಿಡುತ್ತಾರೆ. ನಾನು ಈಗ ಕೂಡಿಕೆಯನ್ನು ಕೊನೆಗೆ ನೋಡುತ್ತೇನೆ. ಮೊದಲು ಯಾವ ಬಾಬು ಬಿಟ್ಟಿದೆ ಎಂದು ಹುಡುಕುತ್ತೇನೆ.

ಅಭ್ಯಾಸಕ್ಕೆ

೧. ನಿಮ್ಮ ಊರಿನ ಸಂತೆಯಲ್ಲಿ ೨೦ ಕಿಲೋ ಮರಿಯ ಬೆಲೆ ಮಾರ್ಚಿಯಲ್ಲಿ ಎಷ್ಟು, ದೀಪಾವಳಿಯಲ್ಲಿ ಎಷ್ಟು? ಊರಿಗೆ ಫೋನು ಮಾಡಿ ಕೇಳಿ ಬರೆಯಿರಿ.
೨. ಮೇಲಿನ ಮಾದರಿಯನ್ನು ಹತ್ತು ಆಡಿಗೆ, ನಿಮ್ಮ ಊರಿನ ದರದಲ್ಲಿ ತಿರುಗಿ ಬರೆಯಿರಿ. ಕೂಲಿಯ ಬಾಬು ಬಿಡಬೇಡಿರಿ.
೩. ಸಂಬಳವಿಲ್ಲದೆ ನಿಮ್ಮ ಮನೆ ಎಷ್ಟು ತಿಂಗಳು ನಡೆದೀತು? ಹದಿನಾರಕ್ಕೆ ಎಷ್ಟು ಕಡಿಮೆ?
೪. ನಿಮ್ಮ ಲೆಕ್ಕದಲ್ಲಿ ಯಾವ ಎರಡು ಸಂಗತಿ ಒಂದೇ ವರ್ಷ ಕೆಟ್ಟರೆ ನಷ್ಟ ಬರುತ್ತದೆ?

ಬರೆದ ಕಾಗದವನ್ನು ರವಿವಾರ ಸಾಯಂಕಾಲ ವಾಚನಾಲಯಕ್ಕೆ ತನ್ನಿರಿ. ಕುಳಿತು ಒಟ್ಟಿಗೆ ನೋಡೋಣ. ಆದರೆ ಈ ಸಲ ನಾನು ಅವಸರದಲ್ಲಿ ಟಿಕ್ಕು ಹಾಕುವುದಿಲ್ಲ.